ಎರಡನೇ ಪೊಟ್ಟಣ

ಅಕ್ಕನ ಕೂಸು ರಾಣೆಬೆನ್ನೂರಿನ ಅವಳ ಗಂಡನ ಮನೆಯಲ್ಲಿ ತೀರಿಕೊಂಡಿತು. ಐದು ತಿಂಗಳ ಕೂಸು, ಜ್ವರ. ಮಣ್ಣು ಮಾಡಿ ಹದಿನೈದು ದಿನಕ್ಕೆ ಅಕ್ಕ ಬ್ಯಾಡಗಿಗೆ, ನಮ್ಮ ಮನೆಗೆ ಬಂದಳು. ಅಳಲಿಲ್ಲ, ಮಾತೂ ಆಡಲಿಲ್ಲ. ಹಿತ್ತಲ ಬಾಗಿಲಲ್ಲಿ ಕುಳಿತು ಅವ್ವನ ಕೋಳಿಗಳನ್ನು ನೋಡುತ್ತಿದ್ದಳು. ಎರಡು ಸಾವಿರದ ಇಸವಿಯ ಈಚಿನ ಮಾತಿದು. ನಾನಾಗ ರೈಲಿನಲ್ಲಿ ಹಾವೇರಿಯ ಕಾಲೇಜಿಗೆ ಹೋಗಿಬರುತ್ತಿದ್ದೆ.

ಕೋಳಿಗಳಲ್ಲಿ ಒಂದು ಬೂದಿ ಬಣ್ಣದ್ದು. ಮರಿಗಳನ್ನೆಲ್ಲ ಬೆಕ್ಕು ಹೊತ್ತುಕೊಂಡು ಹೋಗಿ ಒಂಟಿಯಾಗಿತ್ತು. ಅದು ಹೇಗೋ ಅಕ್ಕನ ಬೆನ್ನು ಹತ್ತಿತು. ಒಂದು ದಿನ ಅಕ್ಕ ಅದಕ್ಕೆ ಜೋಳ ಚೆಲ್ಲುತ್ತ, "ಬಾ ನನ್ನವ್ವ, ತಿನ್ನು" ಅಂದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತುಬಿಟ್ಟಿತು. ಬಂದ ಮೇಲೆ ಅಕ್ಕನ ದನಿ ನಾವು ಕೇಳಿದ್ದು ಅದೇ ಮೊದಲು. ಅಂದಿನಿಂದ ಆ ಕೋಳಿ ಅಡುಗೆಮನೆಗೆ ನುಗ್ಗಿದರೂ ಯಾರೂ ಗದರುತ್ತಿರಲಿಲ್ಲ.

ಅದೇ ಕೋಳಿ ಸೊರಗತೊಡಗಿತು. ಜುಟ್ಟು ಬಿಳಿಚಿತು, ರೆಕ್ಕೆ ಇಳಿಬಿದ್ದವು, ಎತ್ತಿಕೊಂಡರೆ ಎದೆಯ ಎಲುಬು ಕೈಗೆ ಚುಚ್ಚುತ್ತಿತ್ತು. ಹಿಕ್ಕೆಯಲ್ಲಿ ಶಾವಿಗೆಯಂಥ ಬಿಳಿ ಹುಳ. ಅವ್ವನ ಹತ್ತಿರ ಮದ್ದು ಸಿದ್ಧವೇ ಇತ್ತು. ಅವಳು ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸದವಳು. ಸಂಜೆ ಬರುವಾಗ ಉದುರಿದ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ನಮ್ಮ ಓಣಿಯ ಕೋಳಿಗಳಿಗೆಲ್ಲ ಹುಳಕ್ಕೆ ಅದೇ ಔಷಧ.

"ಇಷ್ಟು ವರ್ಷ ಆತು, ನನ್ನ ಕೈ ಇನ್ನೂ ಉರಿತಾವು. ಇನ್ನ ಹುಳ ಉಳೀತಾವೇನು?" ಅನ್ನುತ್ತಿದ್ದಳು. ಕೋಳಿ ಬೀಜವನ್ನು ಕಟಕಟ ತಿನ್ನುತ್ತಿತ್ತು, ದಿನಾ ಇನ್ನಷ್ಟು ಬಡಕಲಾಗುತ್ತಿತ್ತು.

ಎರಡಕ್ಷರ ಕಲಿತ ಕೊಬ್ಬು ನನಗೆ. ಬಾಯಿ ಬೇರೆ ಬೊಂಬಾಯಿ. "ನಿನ್ನ ಬೀಜ ನೀನ ತಿನ್ನಬೇ" ಎಂದು ಅವ್ವನಿಗೆ ಅಂದು, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ದನದ ದವಾಖಾನೆಗೆ ಹೊರಟೆ. ಅಕ್ಕ ಬಾಗಿಲ ತನಕ ಬಂದಳು. "ಉಳೀತೈತೇನು ಅಂತ ಕೇಳ್ಕೊಂಡ ಬಾ" ಅಂದಳು.

ಡಾಕ್ಟರು ನಕ್ಕುಬಿಟ್ಟರು. "ಕೋಳಿಗೆ ಖಾರ ಗೊತ್ತಾಗಂಗಿಲ್ಲ ತಂಗಿ. ನೀವು ಔಷಧ ಅಂತ ಹಾಕೀರಿ, ಅದು ಕಾಳು ಅಂತ ತಿಂದೈತಿ." ಚೀಟಿ ಬರೆದು ಎರಡು ಪೊಟ್ಟಣ ಪುಡಿ ಕೊಟ್ಟರು, ಎರಡನೆಯದರ ಮೇಲೆ ಮೂರು ವಾರಕ್ಕೆ ಎಂದು ಗೀಚಿದರು. "ಒಂದನ್ನ ನಾಳೆ ನಸಿಕಿನ್ಯಾಗ ನೀರಿಗೆ ಹಾಕಿ ಎಲ್ಲಾ ಕೋಳಿಗೂ ಕುಡಸ್ರಿ. ಹುಳ ಬೀಳ್ತಾವು. ಆದ್ರ ಹುಳದ ತತ್ತಿ ಮಣ್ಣಾಗ ಉಳೀತಾವು. ಹಿಕ್ಕಿ ತಿಪ್ಪಿಗೆ ಚೆಲ್ಲಬ್ಯಾಡ್ರಿ, ಸುಡ್ರಿ. ಮೂರು ವಾರಕ್ಕ ಎರಡನೇದು ಕೊಡಬೇಕು, ಮರೀಬ್ಯಾಡ್ರಿ."

ಮೊದಲನೆಯದು ಕೊಟ್ಟೆ. ಹುಳ ಬಿದ್ದವು. ಹದಿನೈದು ದಿನಕ್ಕೆ ಜುಟ್ಟು ಕೆಂಪಾಯಿತು. ಕೋಳಿ ಒಂದು ತತ್ತಿಯನ್ನೂ ಇಟ್ಟಿತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಓಣಿಗೆಲ್ಲ ತೋರಿಸಿ ಬಂದಳು. ತಾನೇ ತಲೆ ಬಾಚಿಕೊಳ್ಳತೊಡಗಿದಳು. ಅವ್ವ ಕದರಮಂಡಲಗಿ ಹನುಮಪ್ಪನಿಗೆ ಕಾಯಿ ಒಡೆಸಿ ಬಂದಳು. ಹಿತ್ತಲು ಗುಡಿಸಿದ ಕಸವನ್ನು ಮಾತ್ರ ಎಂದಿನಂತೆ ತಿಪ್ಪೆಗೇ ಚೆಲ್ಲಿದಳು, ಕೋಳಿಗಳು ದಿನವಿಡೀ ಕೆದರುವ ಅದೇ ತಿಪ್ಪೆಗೆ. ಸುಡಬೇಕೆಂದು ನಾನು ಅವಳಿಗೆ ಹೇಳಿರಲೇ ಇಲ್ಲ.

ಎರಡನೇ ಪೊಟ್ಟಣ ನನ್ನ ಹಳೇ ಕಾಲೇಜು ಚೀಲದಲ್ಲಿತ್ತು. ಕೋಳಿಗಳಿಗೆ ಬಾಯಾರಲೆಂದು ಸಂಜೆಯೇ ನೀರಿನ ಬಟ್ಟಲು ಎತ್ತಿಟ್ಟು, ನಸುಕಿಗೆ ಎದ್ದು, ಪುಡಿ ಕಲೆಸಿ, ಒಂದೊಂದೇ ಕೋಳಿ ಹಿಡಿದು ಕುಡಿಸುವ ಉಸಾಬರಿ ಯಾರಿಗೆ ಬೇಕಾಗಿತ್ತು? "ಡಾಕ್ಟರು ಮತ್ತೇನರ ಹೇಳಿದ್ರೇನ?" ಎಂದು ಅವ್ವ ಕೇಳಿದಾಗ ಪುಸ್ತಕದಿಂದ ತಲೆ ಎತ್ತದೆ, "ಚಲೋ ಆಗೇತಲ್ಲ, ಬಿಡು" ಅಂದೆ. ಅವ್ವ ಮತ್ತೆ ಬೀಜ ಹಾಕತೊಡಗಿದಳು.

ಎರಡು ತಿಂಗಳಿಗೆ ಕೋಳಿ ಮತ್ತೆ ಸೊರಗಿತು. ದವಾಖಾನೆಗೆ ಒಯ್ಯೆಂದು ಅಕ್ಕ ಮೂರು ಸಲ ಹೇಳಿದಳು. "ಪರೀಕ್ಷೆ ಮುಗೀಲಿ ತಡಿಯಕ್ಕ" ಎಂದು ಮೂರು ಸಲವೂ ನಾನೇ ಅಂದೆ.

ಕೊನೆಯ ಪರೀಕ್ಷೆ ಬರೆದು ಸಂಜೆಯ ರೈಲಿಗೆ ಬಂದೆ. ಅಕ್ಕ ಹಿತ್ತಲಲ್ಲಿ ಕುಳಿತಿದ್ದಳು. ಕೋಳಿ ಅವಳ ಮಡಿಲಲ್ಲಿ ಸೆಟೆದುಕೊಂಡಿತ್ತು. ಅವಳ ಕೈಯಲ್ಲಿ ಒಡೆಯದ ಪೊಟ್ಟಣ.

"ದವಾಖಾನಿ ಚೀಟಿ ಹುಡುಕಾಕ ನಿನ್ನ ಹಳೇ ಚೀಲ ತಗದೆ. ಇದು ಸಿಕ್ತು. ಮೂರು ವಾರಕ್ಕ ಅಂತ ಬರದೈತಿ" ಅಂದಳು.

"ಚಲೋ ಆಗಿತ್ತಲ್ಲಕ್ಕ..." ಅಂದೆ.

"ನನ್ನ ಕೂಸಿಗೂ ಗಂಡನ ಮನ್ಯಾಗ ಹಿಂಗ ಅಂದ್ರು. ಜ್ವರ ಇಳಿದಿತ್ತು. ಮತ್ತ ಕರ್ಕೊಂಡ ಬರ್ರಿ ಅಂತ ಡಾಕ್ಟರು ಹೇಳಿದ್ರು. ಚಲೋ ಆಗೇತಲ್ಲ, ಬಿಡು ಅಂದ್ರು."

ಆಮೇಲೆ ಅವಳು ಅತ್ತಳು. ಅಷ್ಟು ತಿಂಗಳು ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಪೇಟೆಯಿಂದ ಆಗಷ್ಟೇ ಬಂದ ಅವ್ವ ಓಡಿಬಂದು ಕೈ ಚಾಚಿದವಳು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಖಾರದ ಕೈಯಿಂದ ಮಗಳ ಕಣ್ಣು ಒರೆಸುವಂತಿರಲಿಲ್ಲ.

"ನೀನರ ಒರಸ ಅಕಿ ಕಣ್ಣ" ಎಂದು ನನಗೆ ಅಂದಳು.

ನಾನು ಕೈ ಮುಂದೆ ಮಾಡಿದೆ. ಅಕ್ಕ ಮುಖ ತಿರುಗಿಸಿದಳು.