ಗೌರಮ್ಮನ ಮೊಳ

ಸೋಮವಾರ ನಮ್ಮ ಭಾನುವಳ್ಳಿಯಲ್ಲಿ ಎತ್ತು ಹೂಡುವುದಿಲ್ಲ. ಅಂಥ ಒಂದು ಸೋಮವಾರ ಬೆಳಗಿನ ಬಸ್ಸು ಹತ್ತಿ ಹರಿಹರಕ್ಕೆ ಹೊರಟೆ. ಅಲ್ಲಿಂದ ರೈಲಿನಲ್ಲಿ ದಾವಣಗೆರೆ. ವಿಶ್ವವಿದ್ಯಾಲಯದವರು ತಮ್ಮ ಸಂಶೋಧನೆಗಳನ್ನು ಅಲ್ಲಿನ ಕಾಲೇಜಿಗೆ ತಂದು ಎರಡು ದಿನ ಜನರಿಗೆ ತೋರಿಸುತ್ತಾರೆಂದು ತಮ್ಮ ಶಿವಮೂರ್ತಿ ಕಾಗದ ಬರೆದಿದ್ದ. ಅವನೂ ಮೈಸೂರಿನಲ್ಲಿ ಅದೇ ಕೆಲಸದಲ್ಲಿದ್ದ. ‘ಅಣ್ಣಾ, ನಮ್ಮ ಬಾವಿಯದೇ ಒಂದು ಸೋಜಿಗ. ನೀನು ಬಂದು ನೋಡಲೇಬೇಕು’ ಎಂದಿತ್ತು ಕಾಗದದಲ್ಲಿ. ಅದನ್ನು ಓದಿದಂದಿನಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ಭದ್ರಾ ಕಾಲುವೆ ಬಂದ ಮೇಲೆ ಬಾವಿಗಳ ನೀರು ಎಷ್ಟು ಮೇಲೇರುತ್ತದೆ ಎಂಬುದು ತಮ್ಮನ ಸಂಶೋಧನೆ. ಸುತ್ತಲಿನ ಹಲವು ಬಾವಿಗಳ ಜೊತೆ ನಮ್ಮದನ್ನೂ ಸೇರಿಸಿಕೊಂಡಿದ್ದ. ಪ್ರತಿ ಸೋಮವಾರ ಹಗ್ಗ ಇಳಿಬಿಟ್ಟು, ನೀರು ಮುಟ್ಟುವವರೆಗೆ ಎಷ್ಟು ಮೊಳವೆಂದು ಪುಸ್ತಕದಲ್ಲಿ ಬರೆದು ಅವನಿಗೆ ತಿಳಿಸುವ ಕೆಲಸ ನನ್ನದು. ನನ್ನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಟೇಪು ಹಿಡಿದು ಅಳೆದುಕೊಂಡು, “ಬ್ಯಾರೆಯವ್ರ ಕೈಗೆ ಕೊಡಬ್ಯಾಡ ಅಣ್ಣಾ,” ಎಂದು ಹೇಳಿಯೇ ಹೋಗಿದ್ದ. ನಾನು ಕೆಲವು ವಾರ ಅಳೆದೆ. ಯುಗಾದಿ ಕಳೆದ ಮೇಲೆ ಸೋಮವಾರ ಬಂತೆಂದರೆ ಹರಿಹರಕ್ಕೆ ಹೋಗಿ ಇಸ್ಪೀಟಿಗೆ ಕೂರುತ್ತಿದ್ದೆ. ಹಗ್ಗ ಹಿಡಿದವಳು ನನ್ನ ಹೆಂಡತಿ ಗೌರಮ್ಮ. ಸಂಜೆ ಅವಳು ಹೇಳಿದ ಲೆಕ್ಕವನ್ನು ನಾನೇ ಅಳೆದವನಂತೆ ಬರೆಯುತ್ತಿದ್ದೆ. ಕಾಗದ ಬಂದ ದಿನ ಅವಳು ಹೂವಿನ ಮಾಲೆಯನ್ನು ಮೊಳ ಹಾಕುತ್ತಿದ್ದಳು. ಅವಳ ಕೈ ಎಷ್ಟು ಗಿಡ್ಡವೆಂದು ಆಗ ಕಣ್ಣಿಗೆ ಬಿತ್ತು. ಗಿಡ್ಡ ಕೈಗೆ ಅದೇ ಹಗ್ಗ ಹೆಚ್ಚು ಮೊಳ.

ಹರಿಹರದ ಸ್ಟೇಷನ್ನಿನಲ್ಲಿ ರೈಲು ಮುಕ್ಕಾಲು ಗಂಟೆ ತಡ. ಸೆಕೆ ಬಲವಾಗಿತ್ತು. ಇಸ್ಪೀಟಿನ ಗೆಳೆಯನೊಬ್ಬ ಕಂಡು ಕೈ ಬೀಸಿದ. ನಾನು ಟವೆಲಿನಿಂದ ಮುಖ ಒರೆಸುವವನಂತೆ ಮರೆಮಾಡಿಕೊಂಡೆ. ದಾವಣಗೆರೆ ಒಂಬತ್ತು ಮೈಲಿ. ಊರು ಬರುವ ಮುಂಚೆಯೇ ಮಿಲ್ಲಿನ ಚಿಮಣಿಗಳು ಕಂಡವು.

ಸ್ಟೇಷನ್ನಿನ ಹೊರಗೆ ಜಟಕಾ ಸಾಬರು ಕೇಳಿದರು: “ಎಲ್ಲಿಗ್ರೀ ಯಜಮಾನ್ರೇ? ಮಿಲ್ಲಿಗೋ, ಹತ್ತಿ ಮಂಡಿಗೋ?”

“ಕಾಲೇಜಿಗೆ.”

“ಈ ವಯಸ್ಸಿನಾಗ ಭರ್ತಿ ಆಗ್ತೀರೇನ್ರೀ?” ಎಂದು ನಕ್ಕು, ಕುದುರೆಗೂ ಹೇಳಿದರು: “ನಡೀಲೇ, ಸಾವಕಾಶ. ಇವತ್ತು ವಿದ್ವಾಂಸರು ಕುಂತಾರೆ.”

ಕಾಲೇಜಿನೊಳಗೆ ಕಾಲಿಟ್ಟ ಮೇಲೆ ನನಗೆ ದಿಕ್ಕೇ ತಿಳಿಯಲಿಲ್ಲ. ಒಂದು ಕೋಣೆಯಲ್ಲಿ ಕಲ್ಲಿನ ಶಾಸನದ ಅಚ್ಚನ್ನು ಗೋಡೆಯ ತುಂಬ ಹರಡಿದ್ದರು. ಪಕ್ಕದಲ್ಲಿ ಹತ್ತಿಕಾಯಿ ಕೊರೆಯುವ ಹುಳುಗಳು ಸೀಸೆಯೊಳಗೆ ಸಾಲಾಗಿ ನಿಂತಿದ್ದವು. ಮತ್ತೊಂದು ಕಡೆ ಬೀಸುವ ಪದಗಳನ್ನು ಯಂತ್ರದಿಂದ ಕೇಳಿಸುತ್ತಿದ್ದರು. ನಮ್ಮವ್ವ ಹಾಡುತ್ತಿದ್ದಂಥ ಪದ, ಯಾರದೋ ದನಿ. ನಕ್ಷತ್ರದ ಪಟ, ಗರತಿಯರ ಹಚ್ಚೆಯ ಚಿತ್ರ, ಸಂತೆ ದಾರಿಗಳ ನಕಾಶೆ. ಇವೆಲ್ಲ ಸಂಶೋಧನೆಯೆಂಬ ಒಂದೇ ಮನೆತನದ ಕೆಲಸವೆಂದರೆ ನಂಬುವುದು ಹೇಗೆ? ಬಾವಿ ಯಾವ ಕೋಣೆಯಲ್ಲಿದೆ ಎಂದು ಕೇಳಿದರೆ ಒಬ್ಬರು ಹಿತ್ತಲಿನ ಬಾವಿ ತೋರಿಸಿದರು.

ಒಂದು ಮೇಜಿನ ಬಳಿ ಕನ್ನಡಕದ ಹೆಣ್ಣುಮಗಳೊಬ್ಬಳು ನೊಣದ ರೆಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು.

“ಎಷ್ಟು ದಿನದಿಂದ ನೋಡ್ತಿದೀಯವ್ವಾ?”

“ನಾಲ್ಕು ವರ್ಷ.”

“ನಾವು ಓಡಿಸ್ತೀವಿ, ನೀವು ಸಾಕ್ತೀರಿ.”

ಅವಳು ನಕ್ಕಳು. “ಒಂದು ರೆಕ್ಕೆ ತಪ್ಪಿ ಎಣಿಸಿದೆ ಅಂತ ಹೋದ ವರ್ಷ ಎರಡು ತಿಂಗಳ ಕೆಲಸ ಮತ್ತೆ ಮೊದಲಿಂದ ಮಾಡಿದೆ, ಯಜಮಾನರೇ.”

ನೊಣದ ರೆಕ್ಕೆಗೇ ಇಷ್ಟು ನೇಮವೆಂದರೆ ನನ್ನದು ಎಷ್ಟು ದೊಡ್ಡ ತಪ್ಪು? ಅಥವಾ ಇಷ್ಟು ಕೋಣೆಗಳ ನಡುವೆ ಒಂದು ಬಾವಿ ಯಾವ ಲೆಕ್ಕ? ಎರಡೂ ನಿಜವೆನ್ನಿಸಿತು.

ಕೊನೆಯ ಕೋಣೆಯಲ್ಲಿ ತಮ್ಮ ಸಿಕ್ಕ. ಕೈ ಹಿಡಿದು ಗೋಡೆಯ ಪಟದ ಮುಂದೆ ನಿಲ್ಲಿಸಿದ. ಬಾವಿಗೊಂದು ಗೆರೆ. ಎಲ್ಲವೂ ಮೇಲೇರುತ್ತಿದ್ದವು. ಒಂದು ಕೆಂಪು ಗೆರೆ ಮಾತ್ರ ನಡುವೆ ಧೊಪ್ಪನೆ ಕೆಳಗೆ ಬಿದ್ದು, ಅಲ್ಲೇ ತೆವಳುತ್ತಿತ್ತು.

“ಇದೇ ನಮ್ಮ ಬಾವಿ! ತಳದ ಬಂಡೆ ಬಿರುಕು ಬಿಟ್ಟಿರಬೇಕು ಅಣ್ಣಾ, ನೀರು ಸೋರಿ ಹೋಗ್ತೈತೆ. ನಮ್ಮ ಗುರುಗಳಿಗೇ ಆಶ್ಚರ್ಯ. ಬರೋ ತಿಂಗಳು ಗ್ರಂಥ ಒಪ್ಪಿಸ್ತೀನಿ, ಒಂದು ಅಧ್ಯಾಯ ಪೂರಾ ಇದೇ.”

ನೀರಡಿಕೆ ಎಂದು ಹೇಳಿ ಹೊರಗೆ ಬಂದೆ. ಗೇಟಿನ ಎದುರು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೆ. ಮಿರ್ಚಿ ಆರಿ ತಣ್ಣಗಾದರೂ ತಿನ್ನಲಾಗಲಿಲ್ಲ. ಸುಮ್ಮನೆ ಊರಿಗೆ ಹೋಗಿಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಯಾರಾದರೂ ಬಿರುಕು ನೋಡಲು ಒಂದು ದಿನ ಬಾವಿಗೆ ಇಳಿದರೆ ಅಲ್ಲಿ ಬಿರುಕು ಇರುವುದಿಲ್ಲ. ಆಗ ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲುವವನು ತಮ್ಮ. ಪೊಟ್ಟಣ ಕೈಯಲ್ಲಿ ಹಿಡಿದೇ ಒಳಗೆ ಹೋದೆ.

“ಶಿವೂ, ಬಂಡೆ ಸೀಳಿಲ್ಲಪ್ಪಾ. ಅದು ನಿಮ್ಮತ್ತಿಗಿ ಕೈ.”

ಮೊದಲು ಅವನಿಗೆ ಅರ್ಥವಾಗಲಿಲ್ಲ. ಇಸ್ಪೀಟಿನಿಂದ ಹಿಡಿದು ಎಲ್ಲ ಹೇಳಿದೆ. ಅವನು ಕೆಂಪು ಗೆರೆ ಬಿದ್ದ ಜಾಗಕ್ಕೆ ಬೆರಳಿಟ್ಟ.

“ನಾನು ನಿನಗೆ ಒಂದೇ ಮಾತು ಹೇಳಿದ್ದೆ ಅಣ್ಣಾ.”

“ಹೂಂ.”

“ಯಾವ್ಯಾವ ಸೋಮವಾರ ನೀನು, ಯಾವ್ಯಾವ ಸೋಮವಾರ ಅತ್ತಿಗಿ? ಅದನ್ನಾದ್ರೂ ಹೇಳು.”

ಯುಗಾದಿಯ ಆಚೆ ಎಂಬುದು ಬಿಟ್ಟರೆ ಯಾವ ವಾರವೂ ನನಗೆ ನೆನಪಿರಲಿಲ್ಲ. ಪುಸ್ತಕದಲ್ಲಿ ಎಲ್ಲ ನನ್ನದೇ ಅಕ್ಷರ. ಅವನು ಗುರುಗಳ ಬಳಿ ಹೋಗಿ ಏನೋ ಹೇಳಿ ಬಂದ. ಪಟವನ್ನು ಗೋಡೆಯಿಂದ ಬಿಚ್ಚಿ ಸುರುಳಿ ಸುತ್ತಿದ. ಮಧ್ಯಾಹ್ನದ ರೈಲಿಗೆ ನನ್ನ ಜೊತೆಗೇ ಹೊರಟ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ತಮ್ಮ ಟೇಪು ಹಿಡಿದು ಗೌರಮ್ಮನ ಮುಂದೆ ಕುಳಿತ.

“ಕೈ ಚಾಚ್ರಿ ಅತ್ತಿಗೆಮ್ಮ.”

“ಯಾಕ ಮೈದುನ್ರೇ, ಬಳೆ ಮಾಡಸ್ತೀರೇನು?”

ಅವಳ ಮೊಳ ನನ್ನದಕ್ಕಿಂತ ಎರಡು ಬೆರಳು ಕಡಿಮೆ ಇತ್ತು. ಅವನು ಪುಸ್ತಕ ತೆರೆದು, ಸೋಮವಾರಗಳ ಮಾತನ್ನು ಸೋತ ದನಿಯಲ್ಲಿ ಕೇಳಿದ.

“ಅಷ್ಟೇ ಏನು?” ಎಂದಳು ಗೌರಮ್ಮ. “ಎಮ್ಮಿ ಕರ ಹಾಕಿದ ಸೋಮಾರದ ತನಕ ಇವರದು. ಆಮ್ಯಾಲೆ ಎಲ್ಲಾ ನಂದು. ನಡುವ ಎರಡು ಬಿಟ್ಟು, ಅವು ಇವರೇ ಅಳೆದವು. ಒಂದಿನ ನಂಗೆ ಜರ ಬಂದಿತ್ತು, ಇನ್ನೊಂದಿನ ಇಸ್ಪೀಟಿನ್ಯಾಗ ಇವರ ಕೈಗೆ ಒಳ್ಳೆ ಎಲೆ ಬಿದ್ದಿರಲಿಲ್ಲ, ಮಕ ಸಣ್ಣದು ಮಾಡ್ಕೊಂಡು ಲಗೂನೆ ಬಂದಿದ್ರು.”

ತಮ್ಮನಿಗೆ ನಗು ಬಂತು. ಆ ದಿನ ಅವನು ನಕ್ಕಿದ್ದು ಅದೇ ಮೊದಲು. ಕೂತಲ್ಲೇ ಲೆಕ್ಕ ತಿದ್ದಿ ಹೊಸ ಗೆರೆ ಎಳೆದ. ಎಲ್ಲರ ಬಾವಿಯಂತೆ ನಮ್ಮದೂ ಮೆಲ್ಲಗೆ ಏರಿತು. ಸೋಜಿಗ ಹೋಯಿತು, ಅಧ್ಯಾಯವೂ ಹೋಯಿತು. ‘ಅಳೆದವರು’ ಎಂಬಲ್ಲಿ ಇದ್ದ ನನ್ನ ಹೆಸರನ್ನು ಅವನು ಹೊಡೆದುಹಾಕಲಿಲ್ಲ. ಅದರ ಕೆಳಗೆ ‘ಗೌರಮ್ಮ’ ಎಂದು ಬರೆದ.

ಮುಂದಿನ ಸೋಮವಾರ ಹೊತ್ತು ಮೂಡುವ ಮುಂಚೆಯೇ ನಾನು ಬಾವಿಯ ಕಟ್ಟೆ ಏರಿ ಹಗ್ಗ ಕೈಗೆತ್ತಿಕೊಂಡೆ. ಹಿಂದಿನಿಂದ ಗೌರಮ್ಮ ಬಂದಳು.

“ಬ್ಯಾಡ ಬಿಡ್ರಿ, ಇಲ್ಲಿ ಕೊಡ್ರಿ,” ಎಂದಳು. “ಈಗ ಪುಸ್ತಕದಾಗ ನನ್ನ ಮೊಳಾನೂ ಐತೆ.”