ಬಾಣಂತಿ ಕೋಣೆಯಲ್ಲಿ ಚೆಲ್ಲಿದ ಪಾದರಸ

ಹೋದ ವರ್ಷದ ಕಾರ್ತಿಕ ಮಾಸ. ಗೋವಿನಕೋವಿಯ ನಮ್ಮ ತವರುಮನೆಯಲ್ಲಿ ತಂಗಿ ಸುಧಾಳ ಬಾಣಂತನ ನಡೆದಿತ್ತು. ಅಪ್ಪ, ಅವ್ವ ಇಬ್ಬರೂ ತೀರಿಹೋದ ಮೇಲೆ ಆ ಮನೆಯಲ್ಲಿ ಇರುವವನು ತಮ್ಮ ಮಂಜ ಒಬ್ಬನೇ. ಹಾಗಾಗಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಜಗಳೂರಿನಿಂದ ಬಂದು ಬಾಣಂತಿಯ ಉಸ್ತುವಾರಿ ಹೊತ್ತಿದ್ದಳು. ನಾನು ಚನ್ನಗಿರಿಯಿಂದ ಹೋಗಿ ಬಂದು ಮಾಡುತ್ತಿದ್ದೆ. ಆ ಸಂಜೆ ಕೋಣೆಯಲ್ಲಿ ನಾವು ನಾಲ್ವರೂ ಇದ್ದೆವು. ತೊಟ್ಟಿಲಲ್ಲಿ ಇನ್ನೂ ಹೆಸರಿಡದ ಗಂಡುಕೂಸು.

ದೊಡ್ಡವ್ವನ ಬಾಣಂತನವೆಂದರೆ ಕೋಟೆಯ ಕಾವಲಿದ್ದ ಹಾಗೆ. ಕಿಟಕಿ ಮುಚ್ಚಿ ಅದರ ಸಂದಿಗೂ ಹಳೇ ಸೀರೆ ತುರುಕಿದ್ದಳು. ಮೂಲೆಯಲ್ಲಿ ಕಬ್ಬಿಣದ ಬಾಣಲೆ ತುಂಬ ಕೆಂಡ, ಅದರ ಮೇಲೆ ಆಗಾಗ ಒಂದು ಚಿಟಿಕೆ ಲೋಬಾನ. ಕೂಸಿಗೆ ಕುಲಾವಿ, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಕಂಬಳಿ. ಸುಧಾ ಬೆವರು ಒರೆಸಿಕೊಳ್ಳುತ್ತ, “ದೊಡ್ಡವ್ವಾ, ನಾನೇನು ಬಾಣಂತಿಯೋ ಬೇಯಾಕೆ ಇಟ್ಟ ಗೆಣಸೋ?” ಎಂದು ಕೇಳಿದರೆ, “ಥಂಡಿ ಹತ್ತಿದ ಮ್ಯಾಲೆ ಗೊತ್ತಾಗ್ತೈತೆ, ಸುಮ್ನೆ ಮಲಕ್ಕ” ಎಂದು ಗದರುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಕೂಸಿನ ಮೈ ಮುಟ್ಟಿ ನೋಡಿದೆ. ಬಿಸಿ ಇತ್ತು. ಜ್ವರವೇ ಇರಬೇಕು ಎಂದುಕೊಂಡೆ. ಅಪ್ಪ ಕಾಯಿಲೆ ಬಿದ್ದಾಗ ತಂದಿದ್ದ ಗಾಜಿನ ಥರ್ಮಾಮೀಟರ್ ಬೀರುವಿನಲ್ಲಿತ್ತು. ಈಗ ಆಸ್ಪತ್ರೆಗಳಲ್ಲೂ ಅದು ಕಾಣುವುದು ಅಪರೂಪ. ಮಂಜ ಅದನ್ನು ತಂದು, “ಮೊದ್ಲು ಜಾಡಿಸಿ ಇಳಿಸ್ಬೇಕು ಅಕ್ಕಾ, ಅಪ್ಪಂಗೆ ನಾನೇ ನೋಡ್ತಿದ್ದೆ” ಎನ್ನುತ್ತ ಕೈ ಬೀಸಿದ. ಅದು ತೊಟ್ಟಿಲಿನ ಸರಪಳಿಗೆ ತಗುಲಿ ಚೂರಾಯಿತು.

ತೊಟ್ಟಿಲೊಳಗೆ ಒಂದು ಚೂರೂ ಬೀಳಲಿಲ್ಲ. ಅಬ್ಬಾ ಎಂದುಕೊಂಡೆವು. ಪಾದರಸ ಮಾತ್ರ ನೆಲದ ಮೇಲೆ ಬೆಳ್ಳಿಯ ಸಾಸಿವೆಯಂತೆ ಉರುಳಾಡುತ್ತಿತ್ತು. ದೊಡ್ಡವ್ವ ಕೂತಲ್ಲಿಂದಲೇ ಕೈಚಾಚಿ, ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ ಗಾಜನ್ನೂ ಆ ಗುಂಡುಗಳನ್ನೂ ಬೆರಳಿನಿಂದ ಒಟ್ಟುಗೂಡಿಸಿದಳು. ನಾನು ಫೋನು ತೆಗೆದುಕೊಂಡು ಜಗುಲಿಗೆ ಬಂದೆ. ಸುಧಾಳ ಹೆರಿಗೆ ಹೊನ್ನಾಳಿಯ ಆಸ್ಪತ್ರೆಯಲ್ಲಾಗಿತ್ತು. ಅಲ್ಲಿನ ಸಿಸ್ಟರ್ ಒಬ್ಬರು, ಏನಾದರೂ ಇದ್ದರೆ ಕೇಳಿ ಎಂದು ನಂಬರು ಕೊಟ್ಟಿದ್ದರು.

ಒಳಗಿನಿಂದ ದೊಡ್ಡವ್ವನ ದನಿ ಕೇಳಿಸಿತು. “ಅಯ್ಯೋ ಶಿವನೇ, ನನ್ನ ಉಂಗುರ ನೋಡ್ರೇ! ಬಂಗಾರ ಬೆಳ್ಳಗಾತು! ಮೈ ಬಿಸಿ, ಕೂಸಿನ ಮುಂದೇ ಗಾಜು ಒಡೀತು, ಈಗ ಇದು. ಯಾರ ಕಣ್ಣು ತಾಗೈತೋ. ಮಂಜಾ, ಉಪ್ಪು ಮೆಣಸಿನಕಾಯಿ ತಾರೋ.”

ಅಷ್ಟರಲ್ಲಿ ಸಿಸ್ಟರ್ ಫೋನೆತ್ತಿದರು. ಜ್ವರದ ಸಂಗತಿ ಹೇಳಿದೆ. “ಎಷ್ಟು ಡಿಗ್ರಿ ಐತೆ?” ಎಂದರು.

“ಎಲ್ಲಿ ನೋಡಾದು ಸಿಸ್ಟರ್, ಥರ್ಮಾಮೀಟರ್ ಒಡೆದೇ ಹೋತು. ಹಳೇದು, ಪಾದರಸದ್ದು.”

“ಎಲ್ಲಿ ಒಡೀತು?”

“ಬಾಣಂತಿ ಕೋಣೆಯಾಗೇ.”

“ಅಲ್ಲಿ ಬೆಂಕಿ ಇಟ್ಟಿದೀರಾ?”

“ಕೆಂಡ ಐತಿ...”

ಅವರ ದನಿಯೇ ಬದಲಾಯಿತು. “ನೋಡ್ರೀ, ಫೋನ್ ಇಡಬ್ಯಾಡ್ರಿ. ಮೊದ್ಲು ಕೂಸು ಬಾಣಂತಿನ ಹೊರಗೆ ಕರಕೊಂಡು ಬರ್ರಿ. ಕಿಟಕಿ ತೆಗೀರಿ, ಕೆಂಡ ಹೊರಗೆ ಒಯ್ಯಿರಿ. ಪಾದರಸ ಕೆಂಡಕ್ಕೆ ಬಿತ್ತೋ, ವಿಷದ ಆವಿ ಆಗ್ತೈತೆ. ಕಣ್ಣಿಗೆ ಕಾಣಲ್ಲ, ವಾಸನೆ ಬರಲ್ಲ. ಮುಚ್ಚಿದ ಕೋಣೆಯಾಗೆ ಕೂಸಿನ ಜೀವಕ್ಕೇ ಕುತ್ತು!”

ನಾನು ಒಳಗೆ ಓಡಿದೆ. ದೊಡ್ಡವ್ವ ತೊಟ್ಟಿಲ ಮುಂದೆ ದೃಷ್ಟಿಯ ಇಳಿ ತೆಗೆದು ಮುಗಿಸಿದ್ದಳು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ, ಜೊತೆಗೆ ಆ ಕ್ಯಾಲೆಂಡರ್ ಹಾಳೆಯ ಪೊಟ್ಟಣ, ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದು ಬಾಣಲೆಯ ಕಡೆ ಹೊರಟಿದ್ದಳು. ಒಡೆದ ಗಾಜನ್ನೂ ಸೇರಿಸಿ ಸುಟ್ಟರೆ ಪೂರ್ತಿ ಕಳೆಯುತ್ತದೆಂಬುದು ಅವಳ ಲೆಕ್ಕ.

“ದೊಡ್ಡವ್ವಾ, ಹಾಕಬ್ಯಾಡ!” ಎಂದು ಕಿರುಚಿದೆ.

ತಿರುಗಿಯೂ ನೋಡಲಿಲ್ಲ. ನಮ್ಮ ಕಡೆ ದೃಷ್ಟಿ ತೆಗೆಯುವವರು ಕೆಂಡಕ್ಕೆ ಹಾಕುವ ತನಕ ಮಾತಾಡಬಾರದು, ಯಾರು ಕರೆದರೂ ಓಗೊಡಬಾರದು. ದೊಡ್ಡವ್ವ ಅದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ನಾನು ಕೂಗಿದಷ್ಟೂ ಅವಳು ತುಟಿ ಬಿಗಿದು ಬೇಗ ಬೇಗ ಹೆಜ್ಜೆ ಹಾಕಿದಳು. ಮಂಜನಂತೂ ಬಾಯಿಗೆ ಬೆರಳಿಟ್ಟು ನನಗೇ ಸುಮ್ಮನಿರು ಎಂದು ಸನ್ನೆ ಮಾಡಿದ! ಅವಳ ಕೈ ಕೆಂಡದ ಮೇಲೆ ಹೋಗಿಯೇ ಬಿಟ್ಟಿತ್ತು. ನುಗ್ಗಿ ಮಣಿಕಟ್ಟು ಹಿಡಿದು ಎಳೆದೆ. ನಾಲ್ಕು ಹರಳು ಉಪ್ಪು ಬೆಂಕಿಗೆ ಉದುರಿ ಚಟಪಟ ಎಂದವು. ಪೊಟ್ಟಣ ಅವಳ ಮುಷ್ಟಿಯಲ್ಲೇ ಉಳಿಯಿತು.

“ಹುಚ್ಚು ಹಿಡಿದೈತೇನೇ ನಿಂಗೆ? ದೃಷ್ಟಿ ತೆಗೆಯೋ ಕೈ ಹಿಡೀತಾರೇನೇ?” ದೊಡ್ಡವ್ವನ ಬಾಯಿ ಕೊನೆಗೂ ತೆರೆಯಿತು.

ನಾನು ಫೋನಿನ ಸ್ಪೀಕರ್ ಒತ್ತಿ ಅವಳ ಮುಖದ ಮುಂದೆ ಹಿಡಿದೆ. ಸಿಸ್ಟರ್ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವಳ ಮುಖ ಇಳಿಯಿತು. ಪೊಟ್ಟಣವನ್ನು ನೆಲಕ್ಕಿಟ್ಟು, ತಾನೇ ಸುಧಾಳ ರಟ್ಟೆ ಹಿಡಿದು, “ಏಳವ್ವಾ, ಕೂಸು ಎತ್ತಿಕ್ಯಾ, ಹೊರಗೆ ನಡಿ” ಎಂದಳು. ನಾನು ಬಾಣಲೆಯನ್ನು ಅಂಗಳಕ್ಕೆ ಒಯ್ದೆ. ಮಂಜ ಕಿಟಕಿಯ ಸಂದಿಯಿಂದ ಸೀರೆ ಕಿತ್ತು ಎರಡೂ ಬಾಗಿಲು ತೆರೆದ.

ಪೊರಕೆ ಮುಟ್ಟಬೇಡಿ, ಗುಡಿಸಿದರೆ ಇನ್ನಷ್ಟು ಚೂರಾಗಿ ಹರಡುತ್ತದೆ, ಗಟ್ಟಿ ಕಾಗದದಿಂದ ಎತ್ತಿ ನೀರು ಹಾಕಿದ ಬಾಟಲಿಯಲ್ಲಿ ಮುಚ್ಚಿಡಿ ಎಂದರು ಸಿಸ್ಟರ್. ಮಂಜ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತನ್ನ ಇಸ್ಪೀಟು ಎಲೆಗಳನ್ನೇ ತಂದ. ಅವನು ಪೊಟ್ಟಣವನ್ನು ಬಾಟಲಿಗೆ ಹಾಕಿ, ನೆಲದ ಮೇಲೆ ಉಳಿದಿದ್ದ ಗುಂಡುಗಳನ್ನು ಎರಡು ಎಲೆಗಳ ನಡುವೆ ಹಿಡಿದು ಎತ್ತುವುದನ್ನು ಬಾಗಿಲಿನಿಂದ ನೋಡುತ್ತಿದ್ದ ದೊಡ್ಡವ್ವ, “ಅಂತೂ ನಿನ್ನ ಇಸ್ಪೀಟು ಮನೆಗೊಂದು ಉಪಕಾರಕ್ಕೆ ಬಂತಲ್ಲೋ” ಎಂದಳು. ಆ ಗಾಬರಿಯಲ್ಲೂ ಸುಧಾ ನಕ್ಕುಬಿಟ್ಟಳು.

“ಬಾಟ್ಲಿ ಹೊಳೆಗೆ ಎಸೆದು ಬರ್ಲಾ?” ಎಂದು ಮಂಜ ಕೇಳಿದ್ದಕ್ಕೆ ಸಿಸ್ಟರ್ ಫೋನಿನಲ್ಲೇ ಬೈದರು. “ಹೊಳೆಗೆ ಹಾಕಿದ್ರೆ ಮೀನಿಗೆ ಸೇರ್ತೈತೆ, ಮೀನಿಂದ ಮತ್ತೆ ನಿಮ್ಮ ತಟ್ಟೆಗೇ ಬರ್ತೈತೆ. ಇಲ್ಲಿಗೆ ತಗಂಡು ಬಾ. ಕೂಸನ್ನೂ ಈಗಲೇ ಕರಕೊಂಡು ಬರ್ರಿ, ಎಳೇ ಕೂಸಿನ ಜ್ವರ ಮನೆಯಾಗೆ ಇಟ್ಕಂಡು ಕೂರಂಗಿಲ್ಲ.”

ಬಾಟಲಿಯನ್ನೂ ಹಿಡಿದು ಆಟೋದಲ್ಲಿ ಹೊನ್ನಾಳಿಗೆ ಹೊರಟೆವು. ದಾರಿಯುದ್ದಕ್ಕೂ ದೊಡ್ಡವ್ವ ಕೂಸಿನ ಮೂಗಿನ ಬಳಿ ಬೆರಳು ಹಿಡಿದೇ ಇದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಂಬಳಿ ಬಿಚ್ಚಿ ನೋಡಿದರು. ಕೂಸಿನ ಮೈ ಬಿಸಿ ಆಗಲೇ ಇಳಿದಿತ್ತು! ಉಸಿರು ಸರಿಯಾಗಿತ್ತು, ಹಾಲು ಕೊಟ್ಟರೆ ಗಟ್ಟಿಯಾಗಿ ಕುಡಿಯಿತು. “ಇದು ಜ್ವರ ಅಲ್ಲಮ್ಮ. ಕೆಂಡ, ಕಂಬಳಿ, ಮುಚ್ಚಿದ ಕಿಟಕಿ, ಇಷ್ಟಾದ್ರೆ ನನಗೂ ಮೈ ಬಿಸಿಯಾಗುತ್ತೆ” ಎಂದರು. ಪಾದರಸದ ಆವಿ ಶ್ವಾಸಕೋಶ, ಮೂತ್ರಪಿಂಡ, ಮಿದುಳು, ಎಲ್ಲಕ್ಕೂ ಕೇಡು ಮಾಡುತ್ತದೆ, ಎಳೆಯ ಮಕ್ಕಳಿಗೆ ಇನ್ನೂ ಹೆಚ್ಚು ಎಂದೂ ವಿವರಿಸಿದರು. ಕೆಮ್ಮು ಬರುತ್ತದೆಯೇ, ಹಾಲು ಬಿಡುತ್ತದೆಯೇ, ಉಚ್ಚೆ ಸರಿಯಾಗಿ ಹೊಯ್ಯುತ್ತದೆಯೇ ನೋಡಿಕೊಂಡು ವಾರ ಬಿಟ್ಟು ಕರೆತನ್ನಿ ಎಂದರು. ಪಾದರಸ ಹತ್ತಿ ಬೆಳ್ಳಗಾದ ಉಂಗುರವನ್ನು ಒಲೆಯ ಮೇಲೆ ಕಾಯಿಸಲು ಹೋಗಬೇಡಿ, ಅದರಿಂದಲೂ ಅದೇ ಆವಿ ಬರುತ್ತದೆ ಎಂದಾಗ ದೊಡ್ಡವ್ವ ಅದನ್ನು ಕಳಚಿ ಮೇಜಿನ ಮೇಲೇ ಇಟ್ಟುಬಿಟ್ಟಳು. “ನೀವೇ ಇಟ್ಕಳ್ರವ್ವಾ, ನಂಗೆ ಕೂಸಿದ್ರೆ ಸಾಕು” ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಲು ಹೋಗಿ ನಾನೂ ಅತ್ತೆ.

ಕೈ ಹಿಡಿಯಲು ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ. ಮರುಕ್ಷಣವೇ ಆ ಕೂಸಿನ ಮುಖ ಕಣ್ಣ ಮುಂದೆ ಬರುತ್ತದೆ.

ಆ ವಾರವೆಲ್ಲ ಮಂಜ ಕೂಸನ್ನು ಮುಟ್ಟಲೇ ಇಲ್ಲ. ಕೊಡಲು ಹೋದರೆ, “ಬ್ಯಾಡ ಅಕ್ಕಾ, ನನ್ನ ಕೈ ಸರಿ ಇಲ್ಲ” ಎಂದು ಹಿಂದೆ ಸರಿಯುತ್ತಿದ್ದ. ವಾರದ ನಂತರ ಮತ್ತೆ ತೋರಿಸಿದೆವು. ಡಾಕ್ಟರಮ್ಮ ಎಲ್ಲ ನೋಡಿ, ಏನೂ ತೊಂದರೆಯಿಲ್ಲ, ಇನ್ನು ಹೆದರಬೇಡಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸುಧಾ ಕೇಳದೆ ಕೂಸನ್ನು ಮಂಜನ ತೊಡೆಯ ಮೇಲೆ ಮಲಗಿಸಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೂಸು ಅವನ ಇಸ್ತ್ರಿ ಅಂಗಿ, ಪ್ಯಾಂಟು ಎರಡನ್ನೂ ತೋಯಿಸಿತು. ದೊಡ್ಡವ್ವ ಇಡೀ ಬಸ್ಸಿಗೆ ಕೇಳುವಂತೆ ನಕ್ಕಳು. ನಾನು ಒರೆಸಿಕೊಳ್ಳಲು ಬಟ್ಟೆ ತೆಗೆದು ಕೊಡಲು ಹೋದರೆ ಮಂಜ ಬೇಡವೆಂದು ತಲೆಯಾಡಿಸಿದ. ಗೋವಿನಕೋವಿ ಬರುವ ತನಕ ಒದ್ದೆಯಲ್ಲೇ ಅಲುಗಾಡದೆ ಕೂತಿದ್ದ.