ಪದಗಳಿಗೆ ಬಾಲ ಕೆತ್ತುವ ಅಜ್ಜಿ

ಬೆಳಕು ಇನ್ನೂ ಕಿಟಕಿಯ ಅಂಚಿನಲ್ಲೇ ನಿಂತಿದೆ. ಒಳಗೆ ಪುಟ್ಟ ಸುತ್ತಿಗೆಯ ಸದ್ದು: ಮೂರು ಬಡಿತ, ಒಂದು ವಿರಾಮ, ಮತ್ತೆ ಮೂರು. ವಿರಾಮದಲ್ಲಿ ಅಜ್ಜಿ ಕಣ್ಣು ಮುಚ್ಚಿ, ಮರದ ತುಂಡಿನ ಮೇಲೆ ಹೆಬ್ಬೆರಳಾಡಿಸುತ್ತಾರೆ. ಗುಂಡುತಲೆಯ ಮೊಳೆಗಳು ಅಲ್ಲಿ ಬ್ರೈಲ್ ಚುಕ್ಕಿಗಳಾಗಿ ಎದ್ದಿವೆ. ಮರದ ಪುಡಿ ತೇಲುವ ಆ ಕೋಣೆಯಲ್ಲಿ ಕೂತರೆ, ಯಾರೋ ಕನಸಿನಲ್ಲಿ ಮಣಿ ಎಣಿಸುತ್ತಿರುವಂತೆ ಭಾಸವಾಗುತ್ತದೆ.

ಅಂಧ ಮಕ್ಕಳ ಶಾಲೆಗೆ ಇಪ್ಪತ್ತಾರು ವರ್ಷಗಳಿಂದ ಇಂಗ್ಲಿಷ್ ಪದಗಳನ್ನು ಮರದಲ್ಲಿ ಮಾಡಿಕೊಡುತ್ತಿರುವವರು ಇವರು. ಉದ್ದ ತುಂಡಿನಲ್ಲಿ ಮೂಲಪದ, ಗಿಡ್ಡ ತುಂಡಿನಲ್ಲಿ ಅದರ ಹಿಂದೆ ಸೇರುವ ಪ್ರತ್ಯಯ. ಒಂದರ ತೂತಿಗೆ ಇನ್ನೊಂದರ ಗೂಟ. 'ಟೀಚ್'ಗೆ 'ಅರ್' ಸಿಕ್ಕಿಸಿದರೆ ಕಲಿಸುವ ಕೆಲಸ ಹೋಗಿ ಕಲಿಸುವವರು ಎದ್ದು ಬರುತ್ತಾರೆ. 'ಕೈಂಡ್'ಗೆ 'ನೆಸ್' ಸೇರಿದರೆ ದಯೆಯುಳ್ಳವರು ಮರೆಯಾಗಿ ದಯೆಯೊಂದೇ ಉಳಿಯುತ್ತದೆ. ಮಕ್ಕಳ ಬಾಯಲ್ಲಿ ಪ್ರತ್ಯಯವೆಂದರೆ ಬಾಲ. ದಿನಕ್ಕೆ ಹನ್ನೊಂದು ಬಾಲ ಮಾಡುವ ಇವರು 'ಬಾಲದಜ್ಜಿ'.

"ಬೈಗುಳ ಅಂದ್ಕೊಂಡು ಮೊದ್ಲು ಮುಖ ಊದಿಸ್ಕೊಂಡಿದ್ದೆ," ಎಂದು ನಗುತ್ತಾರೆ.

ಓದಿದ್ದು ನಾಲ್ಕನೇ ಕ್ಲಾಸು. ಬಡಗಿಯಾಗಿದ್ದ ಗಂಡ ಹಾಸಿಗೆ ಹಿಡಿದಾಗ ಉಳಿ ಕೈಗೆ ಬಂತು. "'ಲೆಸ್' ಅಂದ್ರೆ 'ಇಲ್ಲ' ಅಂತ. ದರಿದ್ರ ಬಾಲ ಅಂದ್ಕೊಂಡಿದ್ದೆ. ಒಂದಿನ ಟೀಚರಮ್ಮ ಅದನ್ನ 'ಪೇನ್'ಗೆ ಸಿಕ್ಕಿಸಿ ತೋರ್ಸಿದ್ರು. ನೋವೇ ಇಲ್ಲ! ಆ ತುಂಡನ್ನ ತಂದು ನಮ್ಮೆಜಮಾನ್ರ ದಿಂಬಿನಡಿ ಇಟ್ಟೆ. ಮರದಲ್ಲೇನು ಔಷಧಿ ಇರತ್ತಾ? ಆದ್ರೂ ಇಟ್ಟೆ."

ಒಂದು ಮಳೆಗಾಲ ಗೂಟಗಳು ತೇವಕ್ಕೆ ಉಬ್ಬಿ, 'ಹೆಲ್ಪ್'ಗೆ ಸಿಕ್ಕಿದ 'ಲೆಸ್' ಕಳಚಲೇ ಇಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಅಸಹಾಯಕತೆಯ ಆ ಪದವನ್ನು ಹಲ್ಲಿನಿಂದ ಕಚ್ಚಿ ಎಳೆದು ಅತ್ತಿದ್ದಳಂತೆ. ಅಂದಿನಿಂದ ಮರವನ್ನು ಇಪ್ಪತ್ತು ದಿನ ಒಣಗಿಸದೆ ಅಜ್ಜಿ ಗೂಟ ಕೆತ್ತುವುದಿಲ್ಲ. 'ಲೆಸ್' ಗೂಟವನ್ನು ಮಾತ್ರ ಕೂದಲೆಳೆಯಷ್ಟು ಸಡಿಲವಾಗಿಯೇ ಬಿಡುತ್ತಾರೆ.

ಈಗ ಕೈಕೊಟ್ಟಿರುವುದು ಹೆಬ್ಬೆರಳು. ನರ ಸವೆದು ಸ್ಪರ್ಶ ಮಂಕಾಗಿದೆ. ಹೋದ ಸಲ ಮೂರು ಬಾಲ ತಪ್ಪಿದ್ದವು. ಈ ಸಲವೂ ತಪ್ಪಿದರೆ ಕಾರ್ಖಾನೆಯ ಪ್ಲಾಸ್ಟಿಕ್ ತುಂಡು ತರಿಸುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿ ಬೇಸರದಲ್ಲೇ ಹೇಳಿದ್ದಾರೆ.

ಹತ್ತು ಗಂಟೆಗೆ ತರಗತಿಯಲ್ಲಿ, ಮುಖ್ಯೋಪಾಧ್ಯಾಯಿನಿಯ ಎದುರೇ, ಅಜ್ಜಿ ತಂದ ಪೆಟ್ಟಿಗೆ ತೆರೆಯುತ್ತದೆ. ಎರಡು ಜಡೆಯ ಹುಡುಗಿಯೊಬ್ಬಳು ಒಂದೊಂದೇ ತುಂಡನ್ನು ಬೆರಳಲ್ಲಿ ಓದುತ್ತಾಳೆ. ನಲವತ್ತನೆಯದರಲ್ಲಿ ಬೆರಳು ನಿಲ್ಲುತ್ತದೆ.

"ಅಜ್ಜೀ, 'ಫುಲ್' ಬಾಲದಲ್ಲಿ ಒಂದು ಚುಕ್ಕಿ ಮಲಗ್ಬಿಟ್ಟಿದೆ."

ಅಜ್ಜಿ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ.

"ಪ್ಲಾಸ್ಟಿಕ್ ತಂದ್ರೂ ಯಾರಾದ್ರೂ ಓದಿ ನೋಡ್ಲೇಬೇಕಲ್ವಾ ಟೀಚರ್?" ಹುಡುಗಿಯೇ ಕೇಳುತ್ತಾಳೆ. "ಅಜ್ಜಿ ಮಾಡ್ಲಿ, ನಾವು ನೋಡ್ತೀವಿ. ತಪ್ಪು ಹಿಡಿಯೋದಂದ್ರೆ ನಮಗೆ ಪಂಚಪ್ರಾಣ."

"ಅದು ನಂಗೆ ಗೊತ್ತಿಲ್ವಾ!" ಮುಖ್ಯೋಪಾಧ್ಯಾಯಿನಿಗೆ ನಗು ತಡೆಯಲಾಗುವುದಿಲ್ಲ. "ಆಯ್ತಮ್ಮಾ, ಇನ್ಮೇಲೆ ನೀನೇ ಇನ್‌ಸ್ಪೆಕ್ಟರು. ಅಜ್ಜಿ, ಮುಂದಿನ ಪೆಟ್ಟಿಗೆ ಯಾವಾಗ?"

ಅಜ್ಜಿ ನೆಲದ ಮೇಲೆ ಕೂತು, ಇಕ್ಕಳದಿಂದ ಮೊಳೆ ಕಿತ್ತು, ಹೊಸದನ್ನು ಬಡಿದು ಹುಡುಗಿಯ ಅಂಗೈಗಿಡುತ್ತಾರೆ. ಅವಳು ಓದಿ ತಲೆಯಾಡಿಸುವವರೆಗೂ ಕಾಯುತ್ತಾರೆ.

"ನಾನು ಮಾಡಿದ್ದು ನನ್ನ ಬೆರಳಿಗೇ ಗೊತ್ತಾಗ್ಬೇಕು ಅಂತೇನಿಲ್ಲ," ಎನ್ನುತ್ತಾರೆ ಆಮೇಲೆ, ತಗ್ಗಿದ ದನಿಯಲ್ಲಿ. "ಓದೋರ ಕೈಗೆ ಸಿಕ್ಕಿದ್ರೆ ಸಾಕು."